ಎರಡು ಅರ್ಧ ಸೈಕಲ್, ಒಂದು ಪೆಟ್ಟಿಗೆ

ಹುಮನಾಬಾದ್
೨ ಸೆಪ್ಟೆಂಬರ್ ೨೦೦೨

ಶ್ರೀ ಗುರುಶಾಂತ ಮಹಾರುದ್ರಪ್ಪ ಅವರಿಗೆ,

ಶರಣು. ಎರಡು ವರ್ಷದ ಮೇಲೆ ಬರೆಯುತ್ತಿದ್ದೇನೆ. ಕ್ಷೇಮ ಕೇಳುವ ಶಾಸ್ತ್ರ ಬಿಟ್ಟುಬಿಡೋಣ. ನೀವು ನನ್ನದು ಕೇಳಿಲ್ಲ, ನಾನು ನಿಮ್ಮದು ಕೇಳುವುದಿಲ್ಲ. ಕೆಲಸವಿದೆ, ಅದಕ್ಕಾಗಿ ಮಾತ್ರ ಈ ಕಾಗದ.

ಅಕ್ಟೋಬರ್ ಕೊನೆಗೆ ಶ್ರೀಲಂಕಾದಲ್ಲಿ ಶಿಕ್ಷಕಿಯರ ಸೈಕಲ್ ಯಾತ್ರೆ ಇದೆ. ಕೊಲಂಬೊದಿಂದ ಸಮುದ್ರದ ದಂಡೆ ಹಿಡಿದು ಹೋಗುವುದು. ನಮ್ಮ ಶಾಲೆಯ ಹುಡುಗಿಯರನ್ನು ಸೈಕಲ್ ಮೇಲೆ ಹಳ್ಳಿಖೇಡಕ್ಕೆ, ಬೇಮಳಖೇಡಕ್ಕೆ ಕರೆದುಕೊಂಡು ಹೋಗುತ್ತೇನೆಂದು ಯಾರೋ ಅವರಿಗೆ ತಿಳಿಸಿದ್ದಾರೆ. ವ್ಯಾಯಾಮ ಶಿಕ್ಷಕಿ ಲಲಿತಾಬಾಯಿ ಬರಲಿ ಎಂದು ಆಮಂತ್ರಣ ಬಂದಿದೆ. ಟಿಕೀಟು ಅವರದೇ. ಸೈಕಲ್ ಮಾತ್ರ ನಮ್ಮ ನಮ್ಮದು ಒಯ್ಯಬೇಕು.

ವಿಮಾನದವರು ಸೈಕಲ್ಲನ್ನು ಹಾಗೇ ಹಾಕಿಕೊಳ್ಳುವುದಿಲ್ಲವಂತೆ. ಬಿಚ್ಚಿ ಪೆಟ್ಟಿಗೆಯಲ್ಲಿ ತುಂಬಬೇಕು, ಪೆಟ್ಟಿಗೆಗೂ ಅವರು ಅಳತೆ ಕೊಟ್ಟಿದ್ದಾರೆ. ಆ ಅಳತೆಗೆ ಬರುವ ಸೈಕಲ್ ನಮ್ಮ ಜಿಲ್ಲೆಯಲ್ಲೆಲ್ಲ ಒಂದೇ ಇದೆ, ಅಪ್ಪನದು. ಅದರ ಮುಂದಿನ ಅರ್ಧ ನನ್ನ ಗೋಡೆಯ ಮೇಲಿದೆ. ಹಿಂದಿನ ಅರ್ಧವೂ ಪೆಟ್ಟಿಗೆಯೂ ನಿಮ್ಮಲ್ಲಿವೆ. ಯಾತ್ರೆ ಮುಗಿಯುವವರೆಗೆ ಕೊಟ್ಟಿರಬೇಕು. ಮುಗಿದ ಮೇಲೆ ನಿಮ್ಮ ಹಿಸ್ಸೆ ನಿಮಗೆ ಮುಟ್ಟಿಸುತ್ತೇನೆ.

ಲಲಿತಾಬಾಯಿ


ಬಸವಕಲ್ಯಾಣ
೯ ಸೆಪ್ಟೆಂಬರ್ ೨೦೦೨

ಶ್ರೀಮತಿ ಲಲಿತಾಬಾಯಿ ಅವರಿಗೆ,

ಕಾಗದ ಮುಟ್ಟಿತು. ಬಸ್ಸಿಗೆ ಒಂದು ತಾಸು ಸಾಕಾಗುವ ಊರಿಗೆ ನಿಮಗೆ ಅಂಚೆ ಬೇಕಾಯಿತು, ಸಂತೋಷ.

ನಿಮಗೆ ನೆನಪಿಲ್ಲದಿದ್ದರೆ ನಾನೇ ನೆನಪು ಮಾಡುತ್ತೇನೆ. ಅಪ್ಪ ಹೋದ ಮೇಲೆ ಎರಡು ವರ್ಷ ನೀವು ಏನೂ ಕೇಳಲಿಲ್ಲ. ಆಮೇಲೆ ಒಮ್ಮೆಲೆ, ಪಂಚಮಿ ಹಬ್ಬ ಮುಗಿದ ವಾರದಲ್ಲಿ, ಹಿರಿಯರನ್ನು ಕೂರಿಸಿ ಸೈಕಲ್ ಬೇಕು ಎಂದಿರಿ. ಹೊಲ ಬೇಡ, ಅಂಗಡಿ ಬೇಡ, ಸೈಕಲ್ಲೇ ಬೇಕು. ನಾನು ಕೊಡುವುದಿಲ್ಲ ಎಂದೆ. ಆಗ ಮಂಠಾಳದ ಕಾಕಾ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ನಡಕ್ಕ ಬಿಚ್ಚತದಲ್ಲ, ಒಬ್ಬೊಬ್ಬರು ಒಂದೊಂದು ತಗೋರಿ. ಜಗಳ ಯಾಕ?" ಅಂದರು. ಎಮ್ಮೆ ಹಂಚಿದವರು, ಬಾವಿ ಹಂಚಿದವರು, ಅವರಿಗೆ ಸೈಕಲ್ ಯಾವ ಲೆಕ್ಕ. ನೀವು ಮುಂದಿನ ಅರ್ಧ ಎತ್ತಿಕೊಂಡು ಬಸ್ಸು ಹತ್ತಿದಿರಿ. ಊರೆಲ್ಲ ಮಹಾರುದ್ರಪ್ಪನ ಮಕ್ಕಳು ಸೈಕಲ್ ಕಡಿದು ಹಂಚಿಕೊಂಡರು ಎಂದು ನಕ್ಕಿತು. ಅಂಗಡಿಯಲ್ಲಿ ಕೂತು ಆ ನಗು ಕೇಳಿಸಿಕೊಂಡವನು ನಾನು.

ನಿಮ್ಮ ಅರ್ಧ ಓಡುವುದಿಲ್ಲ, ನನ್ನ ಅರ್ಧ ತಿರುಗುವುದಿಲ್ಲ. ಹೀಗೇ ಇರಲಿ ಎಂದು ಹಿರಿಯರೇ ಹೇಳಿದ ಮೇಲೆ ಹೀಗೇ ಇರಲಿ. ಪೆಟ್ಟಿಗೆಯಲ್ಲಿ ಈಗ ಅಂಗಡಿಯ ಕುಪ್ಪಸದ ಖಣ ಇಟ್ಟಿದ್ದೇನೆ, ಹಬ್ಬದ ವ್ಯಾಪಾರ ಬರುತ್ತಿದೆ. ಖಾಲಿ ಮಾಡಲು ಆಗುವುದಿಲ್ಲ.

ಭಾಗಮ್ಮ ಅತ್ತಿಯ ಮುಂದೆ ಕಾಗದ ಓದಿ ಹೇಳಿದೆ. ಅಪ್ಪನ ಅಕ್ಕ, ಮನೆಯ ಹಿರಿಯಳು, ಹೇಳದೆ ಇರಲಾಗಲಿಲ್ಲ. ಆಕೆ ಅಂದದ್ದನ್ನು ಬರೆಯುವುದಿಲ್ಲ.

ಗುರುಶಾಂತ


ಹುಮನಾಬಾದ್
೧೨ ಸೆಪ್ಟೆಂಬರ್ ೨೦೦೨

ಶ್ರೀ ಗುರುಶಾಂತ ಅವರಿಗೆ,

ಅತ್ತಿ ಅಂದದ್ದನ್ನು ನೀವು ಬರೆಯುವುದು ಬೇಡ, ನಾನೇ ಬರೆಯಬಲ್ಲೆ. ಗಂಡ ಸತ್ತವಳಿಗೆ ವಿಮಾನ ಯಾಕೆ ಎಂದಿರಬೇಕು.

ಆ ಸೈಕಲ್ ಎಲ್ಲಿಂದ ಬಂತೆಂದು ನಿಮಗೆ ಗೊತ್ತಿದೆ. ಕಲ್ಯಾಣ ನೋಡಲು ಬಂದ ಒಬ್ಬ ಪರದೇಶಿ ಎರಡು ಇಳಕಲ್ ಸೀರೆ ತೆಗೆದುಕೊಂಡು ಅದನ್ನು ಅಪ್ಪನಿಗೆ ಬಿಟ್ಟುಹೋದ. ಅಂದಿನಿಂದ ಅಂಗಡಿ ರಜೆ ಇದ್ದ ದಿನವೆಲ್ಲ ಅಪ್ಪ ಅದನ್ನು ಬಿಚ್ಚುವುದು, ಪೆಟ್ಟಿಗೆಯಲ್ಲಿ ತುಂಬುವುದು, ಮುಚ್ಚಳ ಹಾಕಿ ಮೇಲೆ ಕೂರುವುದು. ಆಮೇಲೆ ತೆಗೆದು ಮತ್ತೆ ಜೋಡಿಸುವುದು. "ಒಂದ ದಿನ ಹಾರೂನು ಲಲಿತಾ" ಎನ್ನುತ್ತಿದ್ದ. ಯಾವ ಊರಿಗೆ ಎಂದು ಅವನಿಗೂ ಗೊತ್ತಿರಲಿಲ್ಲ. ಹೈದರಾಬಾದಿನಾಚೆ ಅವನು ಹೋಗಲೇ ಇಲ್ಲ. ಯಾವ ತುಂಡಿನ ಮೇಲೆ ಯಾವ ತುಂಡು ಕೂರಬೇಕು ಎಂಬುದು ನನ್ನ ಕೈಗೆ ಕಣ್ಣು ಮುಚ್ಚಿದರೂ ಗೊತ್ತು. ಈಗ ಹಾರುವ ದಿನ ಬಂದಿದೆ, ಅಪ್ಪನ ಪೆಟ್ಟಿಗೆಯಲ್ಲಿ ಖಣ ತುಂಬಿ ಕೂತಿದ್ದೀರಿ.

ಬೇರೆ ಸೈಕಲ್ ಒಯ್ಯಿರಿ ಎನ್ನಬೇಡಿ. ನನ್ನ ದಿನದ ಸೈಕಲ್ಲಿನ ಫ್ರೇಮು ಒಂದೇ ತುಂಡು, ಯಾವ ಪೆಟ್ಟಿಗೆಗೂ ಇಳಿಯುವುದಿಲ್ಲ. ಈ ತಿಂಗಳ ಕೊನೆಗೆ ನಾನು ಹೌದೋ ಅಲ್ಲವೋ ಹೇಳಬೇಕು. ಇಲ್ಲವೆಂದರೆ ನನ್ನ ಜಾಗಕ್ಕೆ ಬೇರೆಯವರಿದ್ದಾರೆ. ಇನ್ನೊಮ್ಮೆ ಯಾರೂ ಕರೆಯುವುದಿಲ್ಲ, ನನಗೂ ಮಂಡಿ ನೋಯುವ ವಯಸ್ಸು ಬರುತ್ತಿದೆ.

ನಮ್ಮ ಓಣಿಯ ನಾಗನಾಥ ಬಸವಕಲ್ಯಾಣದ ಬಸ್ಸಿಗೆ ಕಂಡಕ್ಟರ್. ಅವನ ಕೈಯಲ್ಲಿ ಕಳಿಸಿಬಿಡಿ. ನೀವು ನನ್ನ ಮುಖ ನೋಡಬೇಕಾಗಿಲ್ಲ.

ಲಲಿತಾಬಾಯಿ


ಬಸವಕಲ್ಯಾಣ
೨೬ ಸೆಪ್ಟೆಂಬರ್ ೨೦೦೨

ಶ್ರೀಮತಿ ಲಲಿತಾಬಾಯಿ ಅವರಿಗೆ,

ತಡವಾಗಿ ಬರೆಯುತ್ತಿದ್ದೇನೆ. ತಡ ಮಾಡಬೇಕೆಂದೇ ಮಾಡಿದೆ ಎಂದು ನೀವು ತಿಳಿದಿರುತ್ತೀರಿ, ತಿಳಿಯಿರಿ.

ಅಪ್ಪ ಪೆಟ್ಟಿಗೆಯ ಮೇಲೆ ಕೂರುತ್ತಿದ್ದದ್ದು ನನಗೂ ಗೊತ್ತು. ನೀವಿಬ್ಬರೂ ಹಿತ್ತಲಲ್ಲಿ ನಗುವುದು ಅಂಗಡಿಯವರೆಗೆ ಕೇಳಿಸುತ್ತಿತ್ತು. ಹಿಂದೆ ಅಂಗಡಿ, ಮುಂದೆ ಅಂಗಡಿ, ಹನ್ನೆರಡು ವರ್ಷದವನಿದ್ದಾಗಿನಿಂದ ಗಜಕೋಲು ಹಿಡಿದವನು ನಾನು. ನನ್ನನ್ನು ಒಂದು ದಿನ ಕರೆದು "ಬಾರೋ, ಈ ತಿರುಪು ಹಿಡಿ" ಎನ್ನಲಿಲ್ಲ. ನನಗೆ ಇವತ್ತಿಗೂ ಸೈಕಲ್ ಹೊಡೆಯಲು ಬರುವುದಿಲ್ಲ. ಅದನ್ನು ಕೊಡುವುದಿಲ್ಲ ಎಂದು ಹಿರಿಯರ ಮುಂದೆ ಯಾಕೆ ಹಟ ಹಿಡಿದೆ ಎಂದು ನೀವು ಆಗಲೂ ಕೇಳಲಿಲ್ಲ, ಈಗಲೂ ಕೇಳಿಲ್ಲ.

ಇರಲಿ. ಸೈಕಲ್ ಒಯ್ಯಿರಿ. ಆದರೆ ನನ್ನ ಹಿಸ್ಸೆ ಕಂಡಕ್ಟರನ ಕೈಯಲ್ಲಿ ಹುಮನಾಬಾದಿಗೆ ಹೋಗುವುದಿಲ್ಲ. ನಿಮ್ಮ ಅರ್ಧ ತೆಗೆದುಕೊಂಡು ಇಲ್ಲಿಗೆ ಬರಬೇಕು. ಈ ಮನೆಯಲ್ಲೇ ತುಂಬಬೇಕು, ಪೆಟ್ಟಿಗೆ ಈ ಹೊಸ್ತಿಲಿನಿಂದಲೇ ಹೊರಗೆ ಹೋಗಬೇಕು. ಮುಂಬೈಗೆ ಇಲ್ಲಿಂದಲೇ ಹೊರಡಿ. ಮನೆಯಾಕೆ ಪೂನಂಳಿಗೂ ಹೇಳಿದ್ದೇನೆ, ಆಕೆ ಹೂಂ ಅಂದಿದ್ದಾಳೆ. ಇದಕ್ಕೆ ಒಪ್ಪಿದರೆ ಪೆಟ್ಟಿಗೆ ಖಾಲಿ ಮಾಡಿಸುತ್ತೇನೆ. ಇಲ್ಲದಿದ್ದರೆ ಇಲ್ಲ.

ಗುರುಶಾಂತ


ಹುಮನಾಬಾದ್
೩೦ ಸೆಪ್ಟೆಂಬರ್ ೨೦೦೨

ಗುರುಶಾಂತ,

ಸೈಕಲ್ ಬೇಕಾದರೆ ಬಾಗಿಲಿಗೆ ಬಂದು ನಿಲ್ಲು ಎನ್ನುತ್ತೀಯಾ? ನಿನ್ನ ಹೆಂಡತಿ ನೋಡಬೇಕು, ಅತ್ತಿ ನೋಡಬೇಕು, ಓಣಿಯವರು ನೋಡಬೇಕು, ಹುಮನಾಬಾದಿನ ಲಲಿತಾ ಕಡೆಗೂ ತಲೆ ತಗ್ಗಿಸಿ ಬಂದಳು ಎನ್ನಬೇಕು. ಅಪ್ಪನ ಮೇಲಿನ ಸಿಟ್ಟನ್ನೂ ನನ್ನ ತಲೆಗೇ ಕಟ್ಟುತ್ತಿದ್ದೀಯಾ. ಕಲಿಸದೆ ಇದ್ದವನು ಅವನು, ನಾನಲ್ಲ.

ಆ ಹೊಸ್ತಿಲು ಯಾಕೆ ತುಳಿಯುವುದಿಲ್ಲ ಎಂದು ಬಾಯಿಬಿಟ್ಟು ಹೇಳಿರಲಿಲ್ಲ. ಈಗ ಹೇಳುತ್ತೇನೆ, ಓದಿಕೋ. ನಮ್ಮ ಯಜಮಾನರು ತೀರಿಕೊಂಡ ಮೇಲಿನ ಮೊದಲ ಪಂಚಮಿ. ನೀನೇ ಬಂದು ಕರೆದೆ, ಬಂದೆ. ಹೊರಡುವ ದಿನ ಪಡಸಾಲೆಯಲ್ಲಿ ಮನೆಯ ಹೆಣ್ಣುಮಕ್ಕಳನ್ನೆಲ್ಲ ಸಾಲಾಗಿ ಕೂರಿಸಿದರು. ಕಾಕಾನ ಮಗಳು ಸೆರಗೊಡ್ಡಿದಳು. ಅವಳಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿಣ ಬೇರು, ಖಣ ಹಾಕಿ ಉಡಿ ತುಂಬಿದರು. ಅವಳ ತಂಗಿ ಮೇಘಾಳಿಗೆ ತುಂಬಿದರು. ನನ್ನ ಸರದಿ ಬಂತು, ನಾನೂ ಸೆರಗು ಒಡ್ಡಿದೆ. ಹುಟ್ಟಿದಾಗಿನಿಂದ ಒಡ್ಡಿದ ಸೆರಗು, ಕೈ ತಾನಾಗಿ ಹೋಯಿತು. ಅತ್ತಿ ಅಂದಳು, "ಲಲಿತಾ, ನೀ ಈಚೆ ಸರಿ. ನಿನಗ ಇನ್ನ ಉಡಿ ಇಲ್ಲ."

ಅತ್ತಿಯ ಮೇಲೆ ನನಗೆ ಸಿಟ್ಟಿಲ್ಲ. ಇಪ್ಪತ್ತನೇ ವಯಸ್ಸಿಗೆ ಗಂಡನನ್ನು ಕಳೆದುಕೊಂಡವಳು, ಆಕೆಗೆ ಯಾರೂ ತುಂಬಲಿಲ್ಲ, ಇನ್ನೊಬ್ಬಳಿಗೆ ತುಂಬುವುದನ್ನು ನೋಡಲು ಆಕೆಗೆ ಆಗುವುದಿಲ್ಲ. ಸಿಟ್ಟು ನಿನ್ನ ಮೇಲೆ. ಅಂಗಡಿಯಿಂದ ಖಣ ಆರಿಸಿ ತಂದು ತಟ್ಟೆ ಹಿಡಿದು ನಿಂತವನು ನೀನು. ನನಗೆಂದು ತಂದದ್ದು ಹಸಿರು ಖಣ, ಕೆಂಪು ಅಂಚು, ತಟ್ಟೆಯಲ್ಲಿ ಅದೊಂದೇ ಉಳಿದಿತ್ತು. ಮನೆಯ ಯಜಮಾನ ನೀನು. ಇರಲಿ ಅತ್ತಿ, ಅಕ್ಕನಿಗೆ ತುಂಬಿರಿ ಎಂದು ಒಂದು ಮಾತು ನಿನ್ನ ಬಾಯಿಂದ ಬರಲಿಲ್ಲ. ಆ ಖಣವನ್ನು ಇನ್ನೊಮ್ಮೆ ಮಡಿಚಿ ತಟ್ಟೆ ಒಳಗೆ ಒಯ್ದೆ.

ಅದಕ್ಕೇ ಸೈಕಲ್ ಕೇಳಿದೆ. ಉಡಿ ಬಾಯಿಬಿಟ್ಟು ಕೇಳುವ ವಸ್ತುವಲ್ಲ. ಸೈಕಲ್ ಆದರೆ ಕೇಳಬಹುದಿತ್ತು. ಅದನ್ನೂ ನೀನು ಅರ್ಧ ಮಾಡಿ ಕೊಟ್ಟೆ.

ನಾನು ಬರುವುದಿಲ್ಲ. ನಿನ್ನ ಹಿಸ್ಸೆ ನಿನ್ನ ಕೈಯಿಂದಲೇ ಹೋಗಬೇಕೆಂಬ ಹಟ ಇದ್ದರೆ ನೀನೇ ತುಂಬು. ನನ್ನ ಅರ್ಧವನ್ನು ನಾಗನಾಥನ ಕೈಯಲ್ಲಿ ಕಳಿಸಿದ್ದೇನೆ. ಈಗ ನನ್ನಲ್ಲಿ ಖಾಲಿ ಗೋಡೆ ಬಿಟ್ಟರೆ ಏನೂ ಇಲ್ಲ. ಯಾತ್ರೆಯವರಿಗೆ ಹೌದು ಎಂದು ಬರೆದಿದ್ದೇನೆ. ಬೇಕಾದರೆ ಕೊಡು, ಬೇಡವಾದರೆ ಎರಡೂ ಅರ್ಧ ಇಟ್ಟುಕೊಂಡು ಪೂಜೆ ಮಾಡು.

ತುಂಬುವುದಾದರೆ ಹೀಗೆ ತುಂಬಬೇಕು. ಎರಡೂ ಪೆಡಲ್ ಬಿಚ್ಚು. ಬಲಗಡೆಯದು ಎಲ್ಲ ತಿರುಪಿನ ಹಾಗೇ ಬಿಚ್ಚುತ್ತದೆ. ಎಡಗಡೆಯದು ಉಲ್ಟಾ, ಬಿಗಿ ಮಾಡುವ ಕಡೆಗೇ ತಿರುಗಿಸಿದರೆ ಸಡಿಲಾಗುತ್ತದೆ. ಗಾಲಿಗಳ ಗಾಳಿ ಅರ್ಧ ಬಿಡು, ಪೂರ್ತಿ ಬಿಡಬೇಡ. ಮೊದಲು ಹಿಂದಿನ ಅರ್ಧ ಇಡು, ಚೈನು ಕೆಳಗೆ ಬರಬೇಕು. ಅದರ ಮೇಲೆ ಗಾಲಿಗಳು, ಗಾಲಿಗಳ ನಡುವೆ ಮುಂದಿನ ಅರ್ಧ. ಮುಂದಿನ ಗಾಲಿ ಕೂರುವ ಎರಡು ಕಾಲಿನ ನಡುವೆ ಒಂದು ಕಟ್ಟಿಗೆ ತುಂಡು ಸಿಕ್ಕಿಸು, ಇಲ್ಲದಿದ್ದರೆ ಒತ್ತಿ ಕೂಡಿಕೊಳ್ಳುತ್ತವೆ. ಕಬ್ಬಿಣಕ್ಕೆ ಕಬ್ಬಿಣ ತಾಗಬಾರದು, ಎಲ್ಲಕ್ಕೂ ಬಟ್ಟೆ ಸುತ್ತು. ನಿನ್ನಲ್ಲಿ ಚಿಂದಿಗೆ ಕೊರತೆಯಿಲ್ಲ. ಒಳಗೆ ಎಲ್ಲೂ ಖಾಲಿ ಜಾಗ ಉಳಿಯಬಾರದು, ಉಳಿದರೆ ಅಲುಗಾಡಿ ಮುರಿಯುತ್ತದೆ. ಏನಾದರೂ ತುರುಕು, ಖಾಲಿ ಬಿಡಬೇಡ.

ಲಲಿತಾ


ಬಸವಕಲ್ಯಾಣ
೭ ಅಕ್ಟೋಬರ್ ೨೦೦೨

ಶ್ರೀಮತಿ ಲಲಿತಾಬಾಯಿ ಅವರಿಗೆ,

ಮುಂದಿನ ಅರ್ಧ ಮುಟ್ಟಿತು. ಹ್ಯಾಂಡಲ್ಲಿಗೆ ನೀವು ಸುತ್ತಿದ್ದ ಗೋಣಿ ಬಸ್ಸಿನಲ್ಲೇ ಹರಿದಿದೆ. ನಾನು ಹರಿದದ್ದಲ್ಲ.

ಎಡಗಡೆ ಪೆಡಲ್ ಬರುತ್ತಿಲ್ಲ. ಉಲ್ಟಾ ತಿರುಗಿಸಿದೆ, ಸುಲ್ಟಾ ತಿರುಗಿಸಿದೆ. ಪಾನಾ ಜಾರಿ ಅಂಗೈ ಸೀಳಿತು, ಗಿರಾಕಿಯ ಮುಂದೆ ಬಟ್ಟೆ ಹರಿಯಲು ಆಗದೆ ಎರಡು ದಿನ ಪೂನಂಳನ್ನು ಅಂಗಡಿಯ ಗಲ್ಲೆಯ ಮೇಲೆ ಕೂರಿಸಿದೆ. ಇದಕ್ಕೆ ಅಪ್ಪ ಏನು ಮಾಡುತ್ತಿದ್ದ ಎಂದು ತಿಳಿಸಿ. ಅರ್ಧ ಗಾಳಿ ಎಂದರೆ ಎಷ್ಟು ಎಂದೂ ತಿಳಿಸಿ. ಅರ್ಧ ಎಂದರೆ ನಿಮ್ಮಲ್ಲೊಂದು ಅಳತೆ, ನಮ್ಮಲ್ಲೊಂದು ಅಳತೆ.

ಪೆಟ್ಟಿಗೆ ಖಾಲಿ ಮಾಡಿದ್ದೇನೆ. ಅತ್ತಿ ಊಟದ ಹೊತ್ತಿಗೆಲ್ಲ ಬಂದು ನೋಡಿ, "ಏನ್ ಮಾಡಾಕತ್ತೀಯೋ ಹುಚ್ಚಪ್ಪ" ಎಂದು ಹೋಗುತ್ತಾಳೆ. ಹೌದು, ಅಪ್ಪನ ಹಾಗೇ ಹಿತ್ತಲಲ್ಲಿ ಕೂತಿದ್ದೇನೆ.

ಯಾವ ದಿನ, ಯಾವ ಬಸ್ಸು ತಿಳಿಸಿ.

ಗುರುಶಾಂತ


ಹುಮನಾಬಾದ್
೧೦ ಅಕ್ಟೋಬರ್ ೨೦೦೨

ಗುರುಶಾಂತ,

ಪೆಡಲಿನ ಬುಡಕ್ಕೆ ಸೀಮೆ ಎಣ್ಣೆ ಬಿಟ್ಟು ಒಂದು ದಿನ ಬಿಡು. ಆಮೇಲೆ ಪಾನಾ ಹಾಕಿ ಕಾಲಿನಿಂದ ಒತ್ತು, ಕೈಯಿಂದಲ್ಲ. ಗಾಲಿಯನ್ನು ಹೆಬ್ಬೆರಳಿನಿಂದ ಒತ್ತಿದರೆ ಪೇರಲ ಹಣ್ಣು ಒತ್ತಿದ ಹಾಗಿರಬೇಕು, ಅಷ್ಟು ಗಾಳಿ.

ನಾನು ಬರೆದ ಅಷ್ಟು ದೊಡ್ಡ ಕಾಗದಕ್ಕೆ ನೀನು ಪೆಡಲಿನ ಬಗ್ಗೆ ಉತ್ತರ ಬರೆದೆ, ಗಾಳಿಯ ಬಗ್ಗೆ ಬರೆದೆ, ಗೋಣಿಯ ಬಗ್ಗೆಯೂ ಬರೆದೆ. ಉಡಿಯ ಬಗ್ಗೆ ಒಂದು ಅಕ್ಷರ ಇಲ್ಲ. ಪಡಸಾಲೆಯಲ್ಲಿ ಹೇಗಿದ್ದೆಯೋ ಹಾಗೇ ಇದ್ದೀಯಾ. ನನ್ನ ಮನಸ್ಸಿನಲ್ಲಿ ಏನೋ ಒಂದು ಚೂರು ಉಳಿದಿತ್ತು, ಅದೂ ಹೋಯಿತು. ಇನ್ನು ಮೇಲೆ ನನಗೂ ನಿನಗೂ ಸೈಕಲ್ಲಿನ ವ್ಯವಹಾರ ಒಂದೇ.

ಇಪ್ಪತ್ಮೂರನೇ ತಾರೀಖು, ಬುಧವಾರ, ಬೆಳಗಿನ ಸೊಲ್ಲಾಪುರ ಬಸ್ಸಿಗೆ ಬರುತ್ತೇನೆ. ಅಲ್ಲಿಂದ ರೈಲಿನಲ್ಲಿ ಮುಂಬೈ. ಸಸ್ತಾಪುರ ಬಂಗ್ಲಾದಲ್ಲಿ ಬಸ್ಸು ನಿಲ್ಲುತ್ತದೆ. ಪೆಟ್ಟಿಗೆ ಅಲ್ಲಿಗೆ ಕಳಿಸು. ನೀನೇ ಬರಬೇಕಾಗಿಲ್ಲ, ಹಮಾಲನ ಕೈಯಲ್ಲಿ ಕಳಿಸಿದರೂ ನಡೆಯುತ್ತದೆ. ನಾನು ಇಳಿಯುವುದಿಲ್ಲ.

ಲಲಿತಾ


ಬಸವಕಲ್ಯಾಣ
೧೮ ಅಕ್ಟೋಬರ್ ೨೦೦೨

ಶ್ರೀಮತಿ ಲಲಿತಾಬಾಯಿ ಅವರಿಗೆ,

ಪೆಡಲ್ ಬಂತು. ಪೆಟ್ಟಿಗೆ ತುಂಬಿದೆ, ಮುಚ್ಚಳ ಕೂತಿದೆ. ಅಪ್ಪನ ಹಾಗೆ ನಾನೂ ಮೇಲೆ ಕೂರಬೇಕಾಯಿತು.

ಒಂದು ಮಾತು. ಮುಂಬೈ ದಾಟುವವರೆಗೆ ಅದನ್ನು ತೆಗೆಯಬಾರದು. ಒಮ್ಮೆ ತೆಗೆದರೆ ಮತ್ತೆ ಮುಚ್ಚಲು ನಿಮ್ಮೊಬ್ಬರಿಂದ ಆಗುವುದಿಲ್ಲ. ಬೀಗ ಹಾಕಿದ್ದೇನೆ, ಬೀಗದ ಕೈ ಬಸ್ಸಿನ ಹತ್ತಿರ ಕೊಡುತ್ತೇನೆ. ಸರಿ ಇದೆಯೋ ಇಲ್ಲವೋ ಎಂದು ನಡುದಾರಿಯಲ್ಲಿ ತೆಗೆದು ಪರೀಕ್ಷೆ ಮಾಡಬೇಡಿ. ನನಗೆ ಬರುವುದಿಲ್ಲ ಎಂದು ನಿಮಗೆ ಖಾತ್ರಿ ಇದೆ, ಗೊತ್ತು. ಆದರೂ ತೆಗೆಯಬೇಡಿ.

ಗುರುಶಾಂತ


ಕೊಲಂಬೊ
೨೬ ಅಕ್ಟೋಬರ್ ೨೦೦೨

ಗುರುಶಾಂತ,

ಬಂಗ್ಲಾದಲ್ಲಿ ನೀನು ಹಮಾಲನನ್ನು ಕರೆತಂದಿರಲಿಲ್ಲ. ಬಿಳಿ ಧೋತರ ಮೇಲೆ ಕಟ್ಟಿ, ಆ ಪೆಟ್ಟಿಗೆ ಹೊತ್ತುಕೊಂಡು ಬಸ್ಸಿನ ಏಣಿ ಹತ್ತಿ ಟಾಪಿನ ಮೇಲೆ ನೀನೇ ಹಗ್ಗ ಬಿಗಿದೆ. ಕಂಡಕ್ಟರ್ ಬೈಯುತ್ತಿದ್ದರೂ ಇಳಿಯಲಿಲ್ಲ. ಆಮೇಲೆ ಕಿಟಕಿಯಿಂದ ಬೀಗದ ಕೈ ಕೊಟ್ಟು, "ಮುಂಬೈ ತನಕ ತೆಗೀಬ್ಯಾಡ್ರಿ" ಅಂದೆ. ಆಗಲೂ ಅದೇ ಅಪ್ಪಣೆ.

ನಾನು ಬೇಕೆಂದೇ ಆ ಕಡೆ ಮುಖ ಮಾಡಿ ಕೂತಿದ್ದೆ. ನಿನ್ನ ಅಂಗೈಯ ಗಾಯ ಮಾತ್ರ ಕಂಡಿತು. ಸೊಲ್ಲಾಪುರ ಬರುವವರೆಗೆ ಸಿಟ್ಟಿನಿಂದ ಒಂದು ಗುಟುಕು ನೀರೂ ಕುಡಿಯಲಿಲ್ಲ.

ನೀನು ಮುರಿದದ್ದನ್ನು ತುಂಬಿದ್ದೀಯಾ, ಅದಕ್ಕೇ ತೆಗೆಯಬೇಡ ಎಂದಿದ್ದೀಯಾ ಎಂದೇ ನನ್ನ ಲೆಕ್ಕ. ರೈಲಿನಲ್ಲಿ ಎರಡು ಸಲ ಬೀಗದ ಕೈ ಹೊರಗೆ ತೆಗೆದೆ. ಮುರಿದಿದ್ದರೆ ಅಲ್ಲಿ ನೋಡಿ ಏನು ಮಾಡಲಿ, ಇಳಿದು ವಾಪಸು ಬರಬೇಕು, ಅಷ್ಟೇ. ಅದಕ್ಕೆ ಹೆದರಿ ತೆಗೆಯಲಿಲ್ಲ. ನಿನ್ನ ಮಾತಿಗೆ ಬೆಲೆ ಕೊಟ್ಟು ಅಲ್ಲ.

ವಿಮಾನ ನಿಲ್ದಾಣದಲ್ಲಿ ಸಾಮಾನು ಒಪ್ಪಿಸುವ ಕಡೆ ಒಂದು ಪ್ರಶ್ನೆ ಕೇಳುತ್ತಾರೆ, ಈ ಪೆಟ್ಟಿಗೆ ನೀವೇ ತುಂಬಿದ್ದೋ ಎಂದು. ಜೊತೆಗೆ ಬಂದ ಶಿಕ್ಷಕಿಯರು ಮೊದಲೇ ಹೇಳಿಕೊಟ್ಟಿದ್ದರು. ಹೌದು, ನಾನೇ ತುಂಬಿದ್ದು ಎಂದರೆ ಮುಗಿಯಿತು, ಬೇರೆ ಯಾರೋ ಎಂದರೆ ಪೂರ್ತಿ ಬಿಚ್ಚಿಸುತ್ತಾರೆ ಎಂದು. ನಾನೂ ಮನಸ್ಸಿನಲ್ಲಿ ಅದನ್ನೇ ಹೇಳಿಕೊಳ್ಳುತ್ತ ಸಾಲಿನಲ್ಲಿ ನಿಂತಿದ್ದೆ. ಆ ಹುಡುಗಿ ಕೇಳಿದಾಗ ನನ್ನ ಬಾಯಿಂದ ಬಂದದ್ದು ಬೇರೆ. ನನ್ನ ತಮ್ಮ ತುಂಬಿದ್ದಾನೆ ಎಂದೆ. ಯಾಕೆ ಹಾಗಂದೆ ಎಂದು ಈಗಲೂ ತಿಳಿಯದು. ಎರಡು ವರ್ಷದಿಂದ ಆ ಶಬ್ದ ನಾಲಿಗೆಗೆ ಬಂದಿರಲಿಲ್ಲ.

ಪಕ್ಕಕ್ಕೆ ಕರೆದರು. ಖಾಕಿ ಸೀರೆಯ ಒಬ್ಬ ಪೊಲೀಸ್ ಹೆಂಗಸು ಬಂದಳು. ಮೇಜಿನ ಮೇಲೆ ಪೆಟ್ಟಿಗೆ ಇಟ್ಟು ಬೀಗ ತೆಗೆಸಿದಳು. ಮುಚ್ಚಳ ತಾನಾಗಿ ಎದ್ದು ನಿಂತಿತು.

ಚಿಂದಿ ಸುತ್ತು ಎಂದು ಬರೆದಿದ್ದೆ. ನೀನು ಖಣ ಸುತ್ತಿದ್ದೆ. ಪ್ರತಿಯೊಂದು ಕೊಳವೆಗೆ ಒಂದು ಹೊಸ ಖಣ, ಪೆಡಲಿಗೂ ಖಣ. ಖಾಲಿ ಜಾಗ ಬಿಡಬೇಡ ಎಂದಿದ್ದೆ. ಅಲ್ಲೆಲ್ಲ ಅಕ್ಕಿಯ ಪೊಟ್ಟಣ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿಣ ಬೇರು. ಒಂದು ಪೊಟ್ಟಣ ಒಡೆದು ಅಕ್ಕಿ ಮೇಜಿನ ಮೇಲೆಲ್ಲ ಚೆಲ್ಲಿತು, ನೆಲಕ್ಕೂ ಬಿತ್ತು. ನನ್ನ ಹಿಂದೆ ಸಾಲಿನಲ್ಲಿ ನಿಂತ ಅಷ್ಟೂ ಜನ ನೋಡುತ್ತಿದ್ದರು. ಮೈಯೆಲ್ಲ ಉರಿದುಹೋಯಿತು. ಪಡಸಾಲೆಯಲ್ಲಿ ತುಂಬಬೇಕಾದದ್ದನ್ನು ಪೆಟ್ಟಿಗೆಯಲ್ಲಿ ತುಂಬಿ ಬೀಗ ಜಡಿದಿದ್ದೀಯಾ. ಅತ್ತಿಗೆ ಕಾಣಬಾರದು, ಓಣಿಗೆ ಕಾಣಬಾರದು, ಕಬ್ಬಿಣದ ಸಾಮಾನಿನ ನಡುವೆ ಕದ್ದ ಮಾಲಿನ ಹಾಗೆ ಅಕ್ಕನ ಉಡಿ. ಆ ಕ್ಷಣ ನೀನು ಎದುರಿಗೆ ಇದ್ದಿದ್ದರೆ ಏನು ಮಾಡುತ್ತಿದ್ದೆನೋ.

ಆ ಹೆಂಗಸು ಒಂದು ಕೊಬ್ಬರಿ ಬಟ್ಟಲು ಎತ್ತಿ ನೋಡಿದಳು, ಖಣ ನೋಡಿದಳು. ದನಿ ತಗ್ಗಿಸಿ, "ಹೀ ಓಟಿ ನಾ, ತಾಈ?" ಎಂದು ಮರಾಠಿಯಲ್ಲಿ ಕೇಳಿದಳು. ನಮ್ಮ ಉಡಿಗೆ ಅವರು ಓಟಿ ಅನ್ನುತ್ತಾರೆ. ಹೌದು ಎಂದೆ. ಆಕೆ ಅತ್ತಿತ್ತ ನೋಡಿ ಕೈಯಲ್ಲಿದ್ದ ಲಾಠಿ ಕೆಳಗಿಟ್ಟಳು. ಅಕ್ಕಿಯನ್ನೆಲ್ಲ ಬೊಗಸೆಯಿಂದ ಬಳಿದು ಕೂಡಿಸಿ, ನಿಮ್ಮ ಹೆಗಲ ಮೇಲಿನ ಓಢಣಿ ಹಿಡಿಯಿರಿ ಎಂದಳು. ನನಗೆ ತುಂಬುವಂತಿಲ್ಲ, ನನ್ನ ಯಜಮಾನರು ಇಲ್ಲ ಎಂದು ನಾನೇ ಹೇಳಿದೆ. ಅದನ್ನು ಮೊದಲ ಸಲ ನನ್ನ ಬಾಯಿಂದಲೇ ಹೇಳಿದ್ದು.

ಆಕೆ ಏನೂ ವಿಚಾರ ಮಾಡಲಿಲ್ಲ. "ಭಾವಾನೆ ದಿಲಿ ನಾ? ಮಗ ಘ್ಯಾ" ಅಂದಳು. ತಮ್ಮ ಕೊಟ್ಟಾನಲ್ಲ, ಮತ್ತೆ ತಗೊಳ್ಳಿ ಎಂದು.

ಓಢಣಿ ಒಡ್ಡಿದೆ. ಅಷ್ಟು ಜನರ ಮುಂದೆ, ಹಣೆಯಲ್ಲಿ ಇಷ್ಟಗಲ ಕುಂಕುಮ ಇಟ್ಟ ಒಬ್ಬ ಪೊಲೀಸ್ ಹೆಂಗಸು ನನಗೆ ಉಡಿ ತುಂಬಿದಳು. ಮೂರು ಬೊಗಸೆ ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಶಿಣ. ಕೊನೆಗೆ ಪೆಟ್ಟಿಗೆಯಲ್ಲಿ ಕೈ ಹಾಕಿ ಸೀಟಿಗೆ ಸುತ್ತಿದ್ದ ಖಣ ಬಿಚ್ಚಿ ಮೇಲಿಟ್ಟಳು. ಹಸಿರು ಖಣ, ಕೆಂಪು ಅಂಚು. ಮಡಿಕೆಯ ಗುಂಟ ಬಣ್ಣ ಹೋಗಿತ್ತು. ಹೊಸದಲ್ಲ ಅದು. ಹಬ್ಬದ ಎಷ್ಟು ವ್ಯಾಪಾರ ಬಂದರೂ ನೀನು ಅದನ್ನು ಮಾರಿರಲಿಲ್ಲ. ನಾನು ಅಲ್ಲೇ ಅತ್ತೆ. ಗುರುಶಾಂತ, ನನಗೆ ಅಳು ಬರುವುದಿಲ್ಲ ಎಂದು ನಾನು ತಿಳಿದಿದ್ದೆ.

ಆಮೇಲೆ ಪೆಟ್ಟಿಗೆ ಮುಚ್ಚಲು ಆಕೆಯೂ ನಾನೂ ಇಬ್ಬರೂ ಮೇಲೆ ಕೂರಬೇಕಾಯಿತು. ನೀನು ಹೇಳಿದ್ದು ನಿಜ, ಒಬ್ಬರಿಂದ ಆಗುವ ಕೆಲಸವಲ್ಲ.

ಸೈಕಲ್ ಇಲ್ಲಿ ಜೋಡಿಸಿದೆ. ಎಲ್ಲೂ ಒಂದು ಗೀರಿಲ್ಲ, ಒಂದು ತಿರುಪು ಅಲುಗಿಲ್ಲ. ಅಪ್ಪನೂ ಇಷ್ಟು ಬಿಗಿಯಾಗಿ ತುಂಬುತ್ತಿರಲಿಲ್ಲ. ಗಾಳಿ ಮಾತ್ರ ಪೂರ್ತಿ ಬಿಟ್ಟಿದ್ದೀಯಾ. ಪೇರಲ ಹಣ್ಣು ಎಂದರೆ ಕೊಳೆತ ಪೇರಲ ಎಂದುಕೊಂಡೆಯೋ ಏನೋ. ನಾಳೆ ಹೊರಡುತ್ತೇವೆ.

ಇಷ್ಟೆಲ್ಲ ಬರೆದೆನೆಂದು ಸಿಟ್ಟು ಇಳಿದಿದೆ ಎಂದು ತಿಳಿಯಬೇಡ, ಇಳಿದಿಲ್ಲ. ಮುಂಬೈಯ ಯಾರೋ ಗುರುತಿಲ್ಲದ ಹೆಂಗಸು ಸಾಲುಗಟ್ಟಿ ನಿಂತ ಜನರ ಮುಂದೆ ಮಾಡಿದ್ದನ್ನು ನೀನು ನಿನ್ನದೇ ಪಡಸಾಲೆಯಲ್ಲಿ ಮಾಡಲಿಲ್ಲ. ಬೀಗ ಹಾಕಿದ ಉಡಿಗೆ ನಾನು ತವರಿಗೆ ಬರುವವಳಲ್ಲ. ನವೆಂಬರ್ ಇಪ್ಪತ್ತರಂದು ಸೊಲ್ಲಾಪುರ ಕಡೆಯಿಂದ ಮಧ್ಯಾಹ್ನದ ಬಸ್ಸಿಗೆ ಬಂಗ್ಲಾ ದಾಟುತ್ತೇನೆ. ನಿನ್ನ ಅರ್ಧ, ನಿನ್ನ ಪೆಟ್ಟಿಗೆ ಅಲ್ಲಿ ಇಳಿಸಿಕೊಡುತ್ತೇನೆ, ಮಾತಿನ ಪ್ರಕಾರ. ಬಾಗಿಲು ತೆಗೆದಿಟ್ಟು, ಅತ್ತಿಯನ್ನು ಎದುರಿಗೆ ಕೂರಿಸಿ ತುಂಬುವ ಧೈರ್ಯ ಇದ್ದರೆ ಹೇಳು. ಇಲ್ಲದಿದ್ದರೆ ನಾನು ಬಸ್ಸಿನಿಂದ ಇಳಿಯುವುದಿಲ್ಲ. ಯಾತ್ರೆ ಮುಗಿದ ಮೇಲೂ ಕೆಲವು ದಿನ ಇಲ್ಲಿಯ ಶಾಲೆಯಲ್ಲಿ ಇರುತ್ತೇನೆ, ಬೈಯುವುದಿದ್ದರೆ ಲಕೋಟೆಯ ಹಿಂದಿನ ವಿಳಾಸಕ್ಕೆ ಬರೆ.

ಲಲಿತಕ್ಕ


ಬಸವಕಲ್ಯಾಣ
೭ ನವೆಂಬರ್ ೨೦೦೨

ಅಕ್ಕ,

ಕಾಗದ ದೀಪಾವಳಿ ಮುಗಿದ ಮೇಲೆ ಬಂತು. ಗಾಳಿ ಪೂರ್ತಿ ಬಿಟ್ಟದ್ದು ನಾನಲ್ಲ, ಅದಾಗೇ ಹೋಗಿದೆ. ಅದೊಂದನ್ನು ಊರಿಗೆಲ್ಲ ಹೇಳಬೇಡ.

ಬೀಗ ಹಾಕಿದ್ದಕ್ಕೆ ನಾನು ಏನೂ ಹೇಳುವುದಿಲ್ಲ. ಇಲ್ಲಿಗೇ ಬಾ, ಇಲ್ಲಿಂದಲೇ ಹೊರಡು ಎಂದು ಯಾಕೆ ಬರೆದಿದ್ದೆ ಎಂದು ಈಗ ನಿನಗೆ ತಿಳಿದಿರಬೇಕು. ತಿಳಿಯುವ ಹಾಗೆ ಬರೆಯಲು ನನಗೆ ಬರಲಿಲ್ಲ.

ನಿನ್ನ ಕಾಗದವನ್ನು ಪಡಸಾಲೆಯಲ್ಲಿ ಕೂತು ಗಟ್ಟಿಯಾಗಿ ಓದಿದೆ. ಅತ್ತಿ ಇದ್ದಳು, ಪೂನಂ ಇದ್ದಳು, ಮಂಠಾಳದ ಕಾಕಾನೂ ಬಂದಿದ್ದರು. ಇಪ್ಪತ್ತನೇ ತಾರೀಖು ಅಕ್ಕ ಬರುತ್ತಾಳೆ, ಇದೇ ಜಾಗದಲ್ಲಿ ಪೂನಂ ಆಕೆಗೆ ಉಡಿ ತುಂಬುತ್ತಾಳೆ ಎಂದೆ. ಕಾಕಾ ಕೆಮ್ಮಿದರು. ಅತ್ತಿ, "ಹಂಗಾರ ನನಗ ಈ ಮನ್ಯಾಗ ಅನ್ನ ಬ್ಯಾಡ" ಎಂದು ಎದ್ದುಹೋದಳು. ಎರಡು ಹೊತ್ತು ಉಂಡಿಲ್ಲ. ಉಣದೆ ಇರಲಿ. ಇಷ್ಟು ವರ್ಷ ಆಕೆ ಎದ್ದುಹೋಗುತ್ತಾಳೆಂದು ಹೆದರಿಯೇ ನಾನು ಸುಮ್ಮನಿದ್ದದ್ದು. ಎದ್ದುಹೋದ ಮೇಲೆ ಇನ್ನೇನು ಉಳಿಯಿತು.

ಬಂಗ್ಲಾದಲ್ಲಿ ಇಳಿ. ನನ್ನ ಅರ್ಧ ನನ್ನ ಕೈಗೆ ಕೊಡಬೇಡ. ಎರಡನ್ನೂ ಅಲ್ಲೇ ಜೋಡಿಸು, ನಾನು ತಿರುಪು ಹಿಡಿಯುತ್ತೇನೆ. ಆಮೇಲೆ ಹತ್ತಿಕೊಂಡು ಮುಂದೆ ನಡೆ, ಪೇಟೆಯ ನಡುವಿನಿಂದಲೇ ಮನೆಗೆ ಹೋಗು. ಸೈಕಲ್ ಕಡಿದು ಹಂಚಿಕೊಂಡರು ಎಂದು ನಕ್ಕವರೆಲ್ಲ ನೋಡಲಿ.

ಖಾಲಿ ಪೆಟ್ಟಿಗೆ ಹೊತ್ತುಕೊಂಡು ನಾನು ಹಿಂದಿನಿಂದ ನಡೆದು ಬರುತ್ತೇನೆ.

ಗುರುಶಾಂತ